ಸಹಿ ನಿಮ್ಮದು, ಹೊಣೆ ಅವರದು

ಕಾಯಿಲೆ ತೋರಿಸಲು ದೊಡ್ಡಾಸ್ಪತ್ರೆಗೆ ಹೋಗುತ್ತೀರಿ. ಡಾಕ್ಟರು ನೋಡಿ, ಚೀಟಿ ಬರೆದು, ಆಮೇಲೆ ಕೇಳುತ್ತಾರೆ: "ನಿಮ್ಮ ಕಾಯಿಲೆಗೆ ಹೊಸ ಔಷಧಿಯ ಸ್ಟಡಿ ಒಂದು ನಡೀತಾ ಇದೆ, ಸೇರ್ಕೋತೀರಾ? ಔಷಧಿ, ಟೆಸ್ಟು ಎಲ್ಲಾ ಫ್ರೀ." ಪಕ್ಕದ ಕುರ್ಚಿಯಲ್ಲಿರುವ ಕೋಆರ್ಡಿನೇಟರು ಪಿನ್ ಹೊಡೆದ ಹಾಳೆಗಳ ಕಟ್ಟೊಂದನ್ನು ಮುಂದಿಟ್ಟು, ಕೊನೆಯ ಹಾಳೆ ತಿರುವಿ, ಸಹಿ ಹಾಕುವ ಜಾಗ ತೋರಿಸುತ್ತಾರೆ. ಆ ಹೊತ್ತಿಗೆ ನಮ್ಮ ತಲೆಯಲ್ಲಿ ಎರಡೇ ಯೋಚನೆ. ಒಂದು, ಸದ್ಯ ದುಡ್ಡು ಉಳಿಯಿತು. ಇನ್ನೊಂದು, ನಮ್ಮನ್ನು ಇಲಿ ಮಾಡಿಕೊಳ್ಳುತ್ತಾರೋ ಏನೋ. ಈ ಆಸೆ, ಈ ಭಯ ಎರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಆ ಕಟ್ಟಿನಲ್ಲಿ ಏನಿರುತ್ತದೆ, ಅದಕ್ಕೆ ಹಾಕುವ ಸಹಿ ಯಾರನ್ನು ಕಟ್ಟಿಹಾಕುತ್ತದೆ ಎಂಬುದನ್ನು ಇವತ್ತು ನೋಡೋಣ.

ನಾನು ಬೆಂಗಳೂರಿನ ಬೈಯಪ್ಪನಹಳ್ಳಿಯವನು. ಡಾಕ್ಟರಲ್ಲ. ಹಳೇ ಮದ್ರಾಸು ರಸ್ತೆಯ ಎನ್‌ಜಿಇಎಫ್ ಕಾರ್ಖಾನೆಯಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದವನು. 2002ರಲ್ಲಿ ಕಾರ್ಖಾನೆ ಮುಚ್ಚಿತು. ಈಗ ಒಂದು ಆಸ್ಪತ್ರೆಯ ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ನೈತಿಕ ಸಮಿತಿಯಲ್ಲಿ, ಜನಸಾಮಾನ್ಯರ ಪರವಾಗಿ ಕೂರುತ್ತೇನೆ. ಇದು ಉಪಚಾರಕ್ಕೆ ಕೊಟ್ಟ ಕುರ್ಚಿಯಲ್ಲ. ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್‌ಗಳ ಬಗ್ಗೆ ಕೇಂದ್ರ ಸರ್ಕಾರ 2019ರ ಮಾರ್ಚಿನಲ್ಲಿ ತಂದ ನಿಯಮಗಳ ಪ್ರಕಾರ ಇಂಥ ಸಮಿತಿಯಲ್ಲಿ ಕನಿಷ್ಠ 7 ಜನ ಇರಬೇಕು. ಅವರಲ್ಲಿ ಅರ್ಧದಷ್ಟಾದರೂ ಆ ಆಸ್ಪತ್ರೆಗೆ ಸಂಬಂಧಪಡದವರಾಗಿರಬೇಕು. ಕಾನೂನು ಬಲ್ಲವರು ಒಬ್ಬರು ಬೇಕು, ಮಹಿಳೆಯೊಬ್ಬರು ಬೇಕು, ವೈದ್ಯಕೀಯ ಓದದ ಸಾಮಾನ್ಯ ಮನುಷ್ಯ ಒಬ್ಬ ಬೇಕು. ಆ ಸಾಮಾನ್ಯ ಸದಸ್ಯ ಹಾಜರಿಲ್ಲದ ದಿನ ಕೋರಂ ಇಲ್ಲ, ಯಾವ ಟ್ರಯಲ್ಲಿಗೂ ಒಪ್ಪಿಗೆ ಕೊಡುವಂತಿಲ್ಲ. ನನಗೆ ಓದಿ ಅರ್ಥವಾಗದ ಕಾಗದ ರೋಗಿಗೂ ಅರ್ಥವಾಗುವುದಿಲ್ಲ ಎನ್ನುವ ಲೆಕ್ಕದ ಮೇಲೇ ನನ್ನನ್ನು ಅಲ್ಲಿ ಕೂರಿಸಿರುವುದು.

ನಮ್ಮ ಕಡೆಯವರಿಗೆ ಈ ವಿಷಯ ದೂರದ್ದಲ್ಲ. ಕಾಯಿಲೆ ಬಿದ್ದರೆ ಮೊದಲು ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆ, ಅಂಟುಜಾಡ್ಯವಾದರೆ ಐಸೊಲೇಷನ್ ಆಸ್ಪತ್ರೆ, ಅದಕ್ಕೂ ಮೀರಿದರೆ ಶಿವಾಜಿನಗರದ ಬೌರಿಂಗ್. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗದ ಮೆಟ್ರೊ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಕೂಡಿಕೊಂಡ ಮೇಲೆ ವೈಟ್‌ಫೀಲ್ಡ್ ಕಡೆಯ ಮೆಡಿಕಲ್ ಕಾಲೇಜುಗಳೂ ಖಾಸಗಿ ಆಸ್ಪತ್ರೆಗಳೂ ಒಂದೇ ರೈಲಿನ ದೂರದಲ್ಲಿವೆ. ಓದಿಸುವ, ಸಂಶೋಧನೆ ಮಾಡುವ ಆಸ್ಪತ್ರೆಗೆ ಹೋದಿರೆಂದರೆ ಇವತ್ತಲ್ಲ ನಾಳೆ ಆ ಹಾಳೆಗಳ ಕಟ್ಟು ನಿಮ್ಮ ಮುಂದೆಯೂ ಬರಬಹುದು.

ಮೊದಲು, ಕ್ಲಿನಿಕಲ್ ಟ್ರಯಲ್ ಎಂದರೇನು? ಒಂದು ಔಷಧಿ, ಲಸಿಕೆ ಅಥವಾ ಚಿಕಿತ್ಸೆ ಮನುಷ್ಯರಿಗೆ ಹಿಡಿಸುತ್ತದೆಯೋ ಇಲ್ಲವೋ, ಇರುವ ಚಿಕಿತ್ಸೆಗಿಂತ ಮೇಲೋ ಅಲ್ಲವೋ ಎಂದು ಮನುಷ್ಯರ ಮೇಲೇ, ಅವರ ಒಪ್ಪಿಗೆ ಪಡೆದು ಪರೀಕ್ಷಿಸಿ ನೋಡುವುದು. ಇದರಲ್ಲಿ ಮುಖ್ಯವಾದ ಮಾತೆಂದರೆ, ಉತ್ತರ ಡಾಕ್ಟರಿಗೂ ಗೊತ್ತಿರುವುದಿಲ್ಲ. ಗೊತ್ತಿದ್ದೂ ಪ್ರಯೋಗ ಮಾಡಿದರೆ ಅದು ಮೋಸ. ಆದ್ದರಿಂದ "ಟ್ರಯಲ್ಲಿಗೆ ಸೇರಿದರೆ ಒಳ್ಳೇ ಔಷಧಿ ಸಿಗುತ್ತೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಿಗುವುದು ಒಳ್ಳೆಯದಿರಬಹುದು, ಏನೂ ಮಾಡದಿರಬಹುದು, ತೊಂದರೆಯನ್ನೂ ಕೊಡಬಹುದು. ಅದನ್ನು ತಿಳಿಯುವುದಕ್ಕೇ ಇಷ್ಟೆಲ್ಲ ಏರ್ಪಾಡು.

ಕಾರ್ಖಾನೆಯಲ್ಲಿ ನಾವು ಟ್ರಾನ್ಸ್‌ಫಾರ್ಮರಿಗೆ ಮಾಮೂಲಿಗಿಂತ ಹೆಚ್ಚು ವೋಲ್ಟೇಜು ಕೊಟ್ಟು, ತಡೆದುಕೊಂಡರೆ ಮಾತ್ರ ಗೇಟಿನಾಚೆ ಕಳಿಸುತ್ತಿದ್ದೆವು. ಸುಟ್ಟರೆ ವೈಂಡಿಂಗ್ ಬಿಚ್ಚಿ ಮತ್ತೆ ಸುತ್ತಿದರಾಯಿತು. ಮನುಷ್ಯನ ಮೈಗೆ ಆ ಅನುಕೂಲವಿಲ್ಲ. ಹಾಗಾಗಿ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೋಗುತ್ತಾರೆ. ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿದ ನಂತರ ಮೊದಲ ಹಂತದಲ್ಲಿ ಸ್ವಲ್ಪವೇ ಜನ. ಅಲ್ಲಿ ನೋಡುವುದು ಮುಖ್ಯವಾಗಿ ಅಪಾಯವಿದೆಯೇ ಎಂದು. ಎರಡನೆಯದರಲ್ಲಿ ಎಷ್ಟು ಡೋಸು, ಕೆಲಸ ಮಾಡುವ ಲಕ್ಷಣ ಇದೆಯೇ ಎಂದು. ಮೂರನೆಯದರಲ್ಲಿ ನೂರಾರು, ಸಾವಿರಾರು ಜನರ ಮೇಲೆ ನಿಜವಾದ ಪರೀಕ್ಷೆ. ಔಷಧಿ ಅಂಗಡಿಗೆ ಬಂದ ಮೇಲೂ ನಿಗಾ ಇಡುವುದು ನಾಲ್ಕನೆಯ ಹಂತ. ಹಾಳೆಗಳ ಮೊದಲ ಪುಟದಲ್ಲೇ ಇದು ಎಷ್ಟನೆಯ ಹಂತ ಎಂಬುದನ್ನು ಹುಡುಕಿ. ಮೊದಲ ಹಂತಕ್ಕೂ ಮೂರನೆಯ ಹಂತಕ್ಕೂ ಅಜಗಜಾಂತರ.

ಕೋವ್ಯಾಕ್ಸಿನ್ ಲಸಿಕೆಯನ್ನೇ ತೆಗೆದುಕೊಳ್ಳಿ. 2020ರ ಜುಲೈಯಲ್ಲಿ ಮೊದಲ ಹಂತ ನಡೆದಾಗ ದೇಶದ 11 ಆಸ್ಪತ್ರೆಗಳಲ್ಲಿ ಸೇರಿ ಇದ್ದವರು 375 ಜನ. ಬೆಳಗಾವಿಯ ಜೀವನ್ ರೇಖಾ ಆಸ್ಪತ್ರೆ ಆ 11ರಲ್ಲಿ ಒಂದು. ಮೂರನೆಯ ಹಂತದಲ್ಲಿ ಸುಮಾರು 25,800 ಜನ. ನಮ್ಮ ವೈಟ್‌ಫೀಲ್ಡಿನ ವೈದೇಹಿ ಆಸ್ಪತ್ರೆಯಲ್ಲಿ ಅದು ಶುರುವಾದದ್ದು 2020ರ ಡಿಸೆಂಬರಿನಲ್ಲಿ. ಸೇರಿದವರಲ್ಲಿ ಅರ್ಧ ಜನಕ್ಕೆ ಲಸಿಕೆ, ಇನ್ನರ್ಧ ಜನಕ್ಕೆ ಲಸಿಕೆಯ ಸತ್ವವಿಲ್ಲದ ಬರೀ ಚುಚ್ಚುಮದ್ದು. ಯಾರಿಗೆ ಯಾವುದೆಂದು ಚುಚ್ಚಿಸಿಕೊಂಡವರಿಗೂ ಗೊತ್ತಿಲ್ಲ, ಚುಚ್ಚಿದವರಿಗೂ ಗೊತ್ತಿಲ್ಲ. ಆಮೇಲೆ ರೋಗಲಕ್ಷಣದೊಂದಿಗೆ ಕೋವಿಡ್ ಬಂದವರನ್ನು ಎಣಿಸಿದಾಗ ಲಸಿಕೆಯ ಕಡೆ 24, ಇನ್ನೊಂದು ಕಡೆ 106. ಲಸಿಕೆಯ ಶಕ್ತಿ ನೂರಕ್ಕೆ 77.8 ಎಂದು ಹೇಳಿದ್ದು ಈ ಎಣಿಕೆಯಿಂದ. ಸತ್ವವಿಲ್ಲದ ಚುಚ್ಚುಮದ್ದು ತೆಗೆದುಕೊಂಡವರು ಇಲ್ಲದಿದ್ದರೆ ಆ 24ಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಸತ್ವವಿಲ್ಲದ ಈ ಔಷಧಿಗೆ ಪ್ಲಸೀಬೊ ಎನ್ನುತ್ತಾರೆ. "ಸಕ್ಕರೆ ಮಾತ್ರೆ ಕೊಟ್ಟು ಕೈ ತೊಳ್ಕೋತಾರಾ ಸಾರ್?" ಎಂದು ನಮ್ಮ ಬೀದಿಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸಮಿತಿಯಲ್ಲಿ ನಾವೂ ಮೊದಲು ಕೇಳುವುದು ಅದನ್ನೇ. ಬಿ.ಪಿ.ಗೋ ಸಕ್ಕರೆ ಕಾಯಿಲೆಗೋ ಒಳ್ಳೇ ಔಷಧಿ ಈಗಾಗಲೇ ಇರುವಾಗ ಅದನ್ನು ನಿಲ್ಲಿಸಿ ಬರೀ ಪ್ಲಸೀಬೊ ಕೊಡುವುದನ್ನು ನಾವು ಸುಮ್ಮನೆ ಒಪ್ಪುವುದಿಲ್ಲ. ಸಾಮಾನ್ಯವಾಗಿ ಇರುವ ಔಷಧಿಯ ಜೊತೆಗೇ ಒಬ್ಬರಿಗೆ ಹೊಸದು, ಇನ್ನೊಬ್ಬರಿಗೆ ಪ್ಲಸೀಬೊ ಎಂದು ಕೊಡುತ್ತಾರೆ. ಇಲ್ಲವೇ ಹಳೆಯದನ್ನೂ ಹೊಸದನ್ನೂ ನೇರವಾಗಿ ಹೋಲಿಸುತ್ತಾರೆ.

ಆದರೆ ಹೋಲಿಕೆಯೇ ಯಾಕೆ ಬೇಕು, ನೂರು ಜನಕ್ಕೆ ಕೊಟ್ಟು ಗುಣವಾದವರನ್ನು ಎಣಿಸಿದರೆ ಸಾಲದೇ ಎನ್ನಬಹುದು. ಸಾಲದು. ಇದಕ್ಕೆ ನಾವೆಲ್ಲ ಕಣ್ಣಾರೆ ಕಂಡ ಸಾಕ್ಷಿ ಇದೆ. ಕೋವಿಡ್ ಕಾಲದ ಪ್ಲಾಸ್ಮಾ ನೆನಪಿದೆಯಲ್ಲ? ಕಾಯಿಲೆ ಬಂದು ಗುಣವಾದವರ ರಕ್ತದ ತಿಳಿಭಾಗವನ್ನು ತೆಗೆದು ರೋಗಿಗೆ ಕೊಡುವುದು. 2020ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲೂ ಶುರುವಾಯಿತು. ಜುಲೈಯಲ್ಲಿ ಪ್ಲಾಸ್ಮಾ ಕೊಟ್ಟವರಿಗೆ ರಾಜ್ಯ ಸರ್ಕಾರ 5,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಮನೆಯವರಿಗಾಗಿ ಜನ ವಾಟ್ಸಾಪಿನಲ್ಲಿ ಅಂಗಲಾಚಿದರು, ಗುರುತೇ ಇಲ್ಲದವರ ಮನೆ ಬಾಗಿಲಿಗೆ ಹೋಗಿ ಕೈಮುಗಿದರು. ಪ್ಲಾಸ್ಮಾ ಏರಿಸಿಕೊಂಡು ಎದ್ದು ಬಂದವರೂ ಇದ್ದರು. ಅವರ ಮಟ್ಟಿಗೆ ಬದುಕಿಸಿದ್ದು ಪ್ಲಾಸ್ಮಾವೇ.

ಅದೇ ಹೊತ್ತಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಆರಿಸಿಕೊಂಡು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ. 235 ಜನಕ್ಕೆ ಅದರ ಜೊತೆಗೆ ಪ್ಲಾಸ್ಮಾ, 229 ಜನಕ್ಕೆ ಇಲ್ಲ. 28 ದಿನಗಳ ಒಳಗೆ ಕಾಯಿಲೆ ವಿಷಮಿಸಿದವರು ಅಥವಾ ತೀರಿಕೊಂಡವರು ಎಷ್ಟು ಎಂದು ಎಣಿಸಿದರು. ಪ್ಲಾಸ್ಮಾ ಪಡೆದವರಲ್ಲಿ 44, ಪಡೆಯದವರಲ್ಲಿ 41. ನೂರಕ್ಕೆ ಹತ್ತೊಂಬತ್ತು, ಹದಿನೆಂಟು. ಅಂದರೆ ಪ್ಲಾಸ್ಮಾದಿಂದ ಆದ ವ್ಯತ್ಯಾಸ ಏನೂ ಇಲ್ಲ. ಎದ್ದು ಬಂದವರು ಪ್ಲಾಸ್ಮಾ ಇಲ್ಲದೆಯೂ ಎದ್ದು ಬರುತ್ತಿದ್ದರು. 2021ರ ಮೇ ತಿಂಗಳಲ್ಲಿ ಪ್ಲಾಸ್ಮಾವನ್ನು ಚಿಕಿತ್ಸೆಯ ಮಾರ್ಗಸೂಚಿಯಿಂದಲೇ ತೆಗೆದುಹಾಕಿದರು. ಆ 464 ಜನ ಸೇರಿಕೊಳ್ಳದೇ ಹೋಗಿದ್ದರೆ ನಾವು ಇನ್ನೂ ಎಷ್ಟು ಬಾಗಿಲು ತಟ್ಟುತ್ತಿದ್ದೆವೋ.

ಇದು ಇಲ್ಲ ಎಂಬ ಉತ್ತರ ಬಂದ ಪ್ರಯೋಗ. ಹೌದು ಎಂಬ ಉತ್ತರ ಬಂದದ್ದೂ ನಮ್ಮ ಕರ್ನಾಟಕದ್ದೇ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಬಾಣಂತಿಯರು ಸಾಯುವುದು ಹಳ್ಳಿಗಳಿಗೆ ಹೊಸದಲ್ಲ. ರಕ್ತ ತಡೆಯುವ ಆಕ್ಸಿಟೋಸಿನ್ ಇದೆ. ಆದರೆ ಅದು ಇಂಜೆಕ್ಷನ್ನು, ತಣ್ಣಗಿಡಬೇಕು, ಚುಚ್ಚಲು ತರಬೇತಾದ ಕೈ ಬೇಕು. ಮನೆಯಲ್ಲೇ ಹೆರಿಗೆಯಾಗುವ ಕಡೆ ಇದೆಲ್ಲ ಎಲ್ಲಿ ಬರಬೇಕು? ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಅದೇ ಕೆಲಸ ಮಾಡೀತೇ ಎಂಬ ಪ್ರಶ್ನೆ ಹಿಡಿದು ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನ ತನಕ ಜಿಲ್ಲೆಯ ಹಳ್ಳಿಗಳಲ್ಲಿ ಪ್ರಯೋಗ ನಡೆಸಿದರು. ಒಪ್ಪಿ ಸೇರಿದ ತಾಯಂದಿರು 1,620. ಮಾತ್ರೆ ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಹಳ್ಳಿಯ 25 ಜನ ಎ.ಎನ್.ಎಂ. ಸಿಸ್ಟರುಗಳು. ಮನೆಯಲ್ಲೋ ಉಪಕೇಂದ್ರದಲ್ಲೋ ಮಗು ಹುಟ್ಟಿದ ಕೂಡಲೇ ತಾಯಿಗೆ ಮಾತ್ರೆ ನುಂಗಿಸಬೇಕು. ಅರ್ಧ ಜನಕ್ಕೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, ಅರ್ಧ ಜನಕ್ಕೆ ನೋಡಲು ಅದೇ ಥರದ ಪ್ಲಸೀಬೊ.

ಹೋದ ರಕ್ತವನ್ನು ಅಳೆಯುವುದು ಹೇಗೆ? ಸೀರೆ, ಗೋಣಿ, ಚಾಪೆಗೆಲ್ಲ ಹರಿದದ್ದನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಯಾವಾಗಲೂ ಕಡಿಮೆಯೇ ಆಗುತ್ತದೆ. ಅದಕ್ಕಾಗಿ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ತಾಯಿಯ ಸೊಂಟದ ಕೆಳಗೆ ಹಾಸಿದರೆ ಅದರ ತುದಿ ಆಲಿಕೆಯ ಹಾಗೆ ಇಳಿಬಿದ್ದು ಚೀಲವಾಗುತ್ತದೆ. ಚೀಲದ ಮೇಲೆ ಗೀಟುಗಳು. ರಕ್ತ ಯಾವ ಗೀಟಿಗೆ ಬಂತು ಎಂದು ಸಿಸ್ಟರು ಓದಿ ಬರೆದುಕೊಂಡರಾಯಿತು. 500 ಮಿಲಿಲೀಟರ್ ಮುಟ್ಟಿತೆಂದರೆ ಅಪಾಯದ ರಕ್ತಸ್ರಾವ, 1,000 ಮುಟ್ಟಿದರೆ ಜೀವಕ್ಕೇ ಕುತ್ತು.

ಪ್ಲಸೀಬೊ ತೆಗೆದುಕೊಂಡವರಲ್ಲಿ ನೂರಕ್ಕೆ 12 ಜನಕ್ಕೆ ಅಪಾಯದ ರಕ್ತಸ್ರಾವವಾಗಿತ್ತು. ಮಿಸೊಪ್ರೊಸ್ಟಾಲ್ ತೆಗೆದುಕೊಂಡವರಲ್ಲಿ ಅದು 6.4. ಜೀವಕ್ಕೆ ಕುತ್ತು ತರುವಂಥದ್ದು ನೂರಕ್ಕೆ 1.2 ಇದ್ದದ್ದು 0.2ಕ್ಕೆ ಇಳಿದಿತ್ತು. ಮಾತ್ರೆಯಿಂದ ಕೆಲವರಿಗೆ ಚಳಿ ಜ್ವರ ಬಂದು ಹೋಯಿತು, ಅದನ್ನೂ ಮುಚ್ಚಿಡದೆ ಬರೆದರು. 2006ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯರ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಆಧಾರವಾದ ಸಂಶೋಧನೆಗಳಲ್ಲಿ ಬೆಳಗಾವಿಯ ಹಳ್ಳಿಯ ತಾಯಂದಿರದೂ ಇತ್ತು. ಅಷ್ಟೊಂದು ಜನಕ್ಕೆ ಪ್ಲಸೀಬೊ ಕೊಟ್ಟದ್ದು ಸರಿಯೇ ಎಂಬ ಚರ್ಚೆಯೂ ನಡೆಯಿತು. ಅಂಥ ಮನೆ ಹೆರಿಗೆಗಳಲ್ಲಿ ಆಗ ಬೇರೆ ಔಷಧಿ ಕೊಡುವ ರೂಢಿಯೇ ಇರಲಿಲ್ಲ ಎಂಬುದು ಅದಕ್ಕೆ ಕೊಟ್ಟ ಸಮಾಧಾನ. ಉತ್ತರ ಗೊತ್ತಾದ ಮೇಲೆ ಇನ್ನು ಯಾರಿಗೂ ಹಾಗೆ ಪ್ಲಸೀಬೊ ಕೊಡುವಂತಿಲ್ಲ.

ಇಷ್ಟು ಕೇಳಿ ಎಲ್ಲವೂ ಸರಿಯಿದೆ ಎಂದುಕೊಳ್ಳಬೇಡಿ. ನಮ್ಮ ದೇಶದಲ್ಲಿ ಕೆಟ್ಟದ್ದೂ ಆಗಿದೆ. 2009ರಲ್ಲಿ ಅಂದಿನ ಆಂಧ್ರದ ಖಮ್ಮಂ, ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಶಾಲೆಯ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ಅಧ್ಯಯನ ನಡೆಯಿತು. ಲಸಿಕೆ ಒಳ್ಳೆಯದೇ, ಜಗತ್ತಿನಾದ್ಯಂತ ಕೊಡುತ್ತಿದ್ದಾರೆ. ಅದರ ಮೇಲೆ ಸಂಶಯ ಬೇಡ. ಕೆಟ್ಟದ್ದು ಒಪ್ಪಿಗೆ ಪಡೆದ ರೀತಿ. ಎಷ್ಟೋ ಕಡೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್ನುಗಳು, ಹೆಡ್‌ಮಾಸ್ತರುಗಳು ಸಹಿ ಹಾಕಿದ್ದರು. 2010ರ ಏಪ್ರಿಲಿನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು, 2013ರಲ್ಲಿ ಸಂಸತ್ತಿನ ಸ್ಥಾಯೀ ಸಮಿತಿ ಕಟುವಾಗಿ ಖಂಡಿಸಿತು. ಸುಪ್ರೀಂ ಕೋರ್ಟಿನಲ್ಲೂ ಟ್ರಯಲ್‌ಗಳ ಬಗ್ಗೆ ಮೊಕದ್ದಮೆ ನಡೆಯಿತು. ಇವತ್ತಿನ ಬಿಗಿ ನಿಯಮಗಳು ಹುಟ್ಟಿದ್ದು ಇಂಥ ಅನುಭವಗಳಿಂದ.

ಈಗ ಆ ಹಾಳೆಗಳ ಕಟ್ಟಿಗೆ ಬರೋಣ. ಅದರಲ್ಲಿ ಎರಡು ಭಾಗ. ಮೊದಲಿನದು ಮಾಹಿತಿ ಪತ್ರ, ಕೊನೆಯದು ಒಪ್ಪಿಗೆ ಪತ್ರ. ಇದು ಸಂಶೋಧನೆ ಎಂದು, ಎಷ್ಟು ದಿನ, ಎಷ್ಟು ಸಲ ರಕ್ತ ತೆಗೆಯುತ್ತಾರೆ, ಏನು ತೊಂದರೆ ಆಗಬಹುದು, ಇದಕ್ಕೆ ಸೇರದಿದ್ದರೆ ಬೇರೆ ಯಾವ ಚಿಕಿತ್ಸೆ ಇದೆ, ಯಾವ ಗುಂಪಿಗೆ ಬೀಳುತ್ತೀರೆಂಬುದು ಅದೃಷ್ಟದ ಮೇಲೆ ಹೋಗುತ್ತದೆಯೇ, ಇದೆಲ್ಲ ಮಾಹಿತಿ ಪತ್ರದಲ್ಲಿರಬೇಕು. ನಿಮಗೆ ಇದರಿಂದ ಯಾವ ಲಾಭವೂ ಇಲ್ಲ ಎಂದಾದರೆ ಅದನ್ನೂ ಬರೆದಿರಬೇಕು. ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡ, ತಮಿಳು, ತೆಲುಗು, ಉರ್ದು, ನಮ್ಮ ಕಡೆ ನಾಲ್ಕೂ ಬೇಕಾಗುತ್ತದೆ. ಓದು ಬರದವರಿಗೆ ಆ ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕು.

ಒಪ್ಪಿಗೆ ಪತ್ರದಲ್ಲಿ ಒಂದು ಕಾಲಮ್ಮಿಗೆ ಬಂದಾಗ ಜನ ಬೆಚ್ಚುತ್ತಾರೆ. ನಾಮಿನಿಯ ಹೆಸರು, ನಿಮಗೂ ಅವರಿಗೂ ಏನು ಸಂಬಂಧ ಎಂದು ಅಲ್ಲಿ ಕೇಳಿರುತ್ತದೆ. ಉದ್ಯೋಗ, ವಾರ್ಷಿಕ ಆದಾಯವನ್ನೂ ಕೇಳುತ್ತಾರೆ. "ಅಂದ್ರೆ ಸಾಯ್ತೀವಿ ಅಂತ ಮೊದಲೇ ಬರ್ಸ್ಕೋತಾರಾ?" ಎಂದು ಒಬ್ಬ ತಾಯಿ ನನ್ನನ್ನು ಕೇಳಿದರು. ಅಲ್ಲಮ್ಮ, ಪ್ರಯೋಗದ ಕಾರಣದಿಂದಲೇ ಸಾವು ಬಂದರೆ ಪರಿಹಾರ ನಿಮ್ಮ ಮನೆಯವರ ಕೈಗೇ ಹೋಗಲಿ ಎಂದು ಆ ಕಾಲಮ್ಮು. ಅದು ಖಾಲಿ ಇದ್ದರೆ ನಷ್ಟ ನಿಮ್ಮ ಮಕ್ಕಳಿಗೆ.

ನಿಯಮ ಹೀಗಿದೆ. ಟ್ರಯಲ್ ನಡೆಯುವಾಗ ನಿಮಗೆ ತೊಂದರೆಯಾದರೆ, ಅದು ಪ್ರಯೋಗದಿಂದ ಆದದ್ದಲ್ಲ ಎಂದು ಖಚಿತವಾಗುವ ತನಕ, ಇಲ್ಲವೇ ಅಗತ್ಯವಿರುವಷ್ಟು ಕಾಲ, ಚಿಕಿತ್ಸೆ ಉಚಿತ. ಗಂಭೀರ ತೊಂದರೆಯಾದರೆ ಡಾಕ್ಟರು 24 ಗಂಟೆಯೊಳಗೆ ಕೇಂದ್ರದ ಔಷಧ ನಿಯಂತ್ರಕರಿಗೂ, ಪ್ರಯೋಗ ಮಾಡಿಸುವ ಕಂಪನಿಗೂ, ನಮ್ಮ ಸಮಿತಿಗೂ ತಿಳಿಸಬೇಕು. ಪ್ರಯೋಗದಿಂದಲೇ ಹಾನಿ ಅಥವಾ ಸಾವು ಎಂದು ತೀರ್ಮಾನವಾದರೆ 8 ಲಕ್ಷ ರೂಪಾಯಿಯನ್ನು ಮೂಲವಾಗಿಟ್ಟುಕೊಂಡು, ವಯಸ್ಸನ್ನೂ ಕಾಯಿಲೆ ಎಷ್ಟು ಮುಂದುವರಿದಿತ್ತೆಂಬುದನ್ನೂ ನೋಡಿ ಸೂತ್ರದ ಪ್ರಕಾರ ಪರಿಹಾರ ಲೆಕ್ಕ ಹಾಕುತ್ತಾರೆ. ನಿಯಂತ್ರಕರ ಆದೇಶ ಬಂದ 30 ದಿನದೊಳಗೆ ಅದನ್ನು ಕೊಡಬೇಕು.

ಇದೆಲ್ಲ ಅವರ ಮೇಲಿರುವ ಹೊಣೆ. ಇನ್ನು ನಿಮ್ಮ ಮೇಲಿರುವುದು? ಯಾವಾಗ ಬೇಕಾದರೂ, ಕಾರಣ ಹೇಳದೆ, ಬಿಟ್ಟು ಬರಬಹುದು. ಬಿಟ್ಟಿರೆಂದು ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. "ಡಾಕ್ಟ್ರು ಬೇಜಾರು ಮಾಡ್ಕೋತಾರೆ" ಎಂಬ ದಾಕ್ಷಿಣ್ಯಕ್ಕೆ ಸೇರಬೇಡಿ, ಅದೇ ದಾಕ್ಷಿಣ್ಯಕ್ಕೆ ಉಳಿಯಲೂ ಬೇಡಿ. ಆದರೆ ಬಿಡುವಾಗ ಒಂದು ಮಾತು ತಿಳಿಸಿ ಬಿಡಿ, ಏಕೆಂದರೆ ಕೆಲವು ಔಷಧಿಗಳನ್ನು ಥಟ್ಟನೆ ನಿಲ್ಲಿಸಿದರೆ ಮೈಗೆ ಕೆಟ್ಟದ್ದು. ಸೇರಿರುವಷ್ಟು ದಿನ ನಾಟಿ ಔಷಧಿಯೋ ಅಂಗಡಿ ಮಾತ್ರೆಯೋ ಏನೇ ತೆಗೆದುಕೊಂಡರೂ ಡಾಕ್ಟರಿಗೆ ಹೇಳಿ. ಮುಚ್ಚಿಟ್ಟರೆ ಅಪಾಯ ನಿಮಗೇ.

ಕೊನೆಗೆ ಕೆಲಸಕ್ಕೆ ಬರುವ ಎರಡು ಮಾತು. ಕಾನೂನುಬದ್ಧ ಟ್ರಯಲ್ಲಿಗೆ ಸಿಟಿಆರ್‌ಐ, ಅಂದರೆ ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿಯಲ್ಲಿ, ಒಂದು ಸಂಖ್ಯೆ ಇರುತ್ತದೆ. 2009ರ ಜೂನ್‌ನಿಂದ ಔಷಧ ಟ್ರಯಲ್‌ಗಳ ನೋಂದಣಿ ಕಡ್ಡಾಯ. ಸಂಖ್ಯೆ ಕೇಳಿ ಬರೆದುಕೊಂಡು, ಮನೆಯಲ್ಲಿ ಓದಿದ ಮಕ್ಕಳಿಗೆ ಮೊಬೈಲಿನಲ್ಲಿ ಹುಡುಕಲು ಹೇಳಿ. ಯಾರು ದುಡ್ಡು ಹಾಕಿದ್ದಾರೆ, ಎಲ್ಲೆಲ್ಲಿ ನಡೆಯುತ್ತಿದೆ, ಎಲ್ಲ ಅಲ್ಲಿ ಸಿಗುತ್ತದೆ. ಸಂಖ್ಯೆ ಇಲ್ಲ ಎಂದರೆ, ಅಥವಾ ಪ್ರಯೋಗದ ಔಷಧಿಗೆ ನಿಮ್ಮಿಂದಲೇ ಹಣ ಕೇಳಿದರೆ, ಎದ್ದು ಬನ್ನಿ. ಇನ್ನೊಂದು, ಅಲ್ಲೇ ಆಗಲೇ ಸಹಿ ಹಾಕಬೇಕಿಲ್ಲ. ಕಾಗದ ಮನೆಗೆ ತಂದು ಓದಿ, ನಿಮ್ಮ ಹಳೇ ಡಾಕ್ಟರಿಗೆ ತೋರಿಸಿ, ಅದರಲ್ಲಿರುವ ಎಥಿಕ್ಸ್ ಕಮಿಟಿಯ ನಂಬರಿಗೆ ಫೋನ್ ಮಾಡಿ ಕೇಳಿ.

ಒಪ್ಪಿಗೆಯಾದರೆ ಧೈರ್ಯವಾಗಿ ಸೇರಿ, ಮುಂದೆ ಇದೇ ಕಾಯಿಲೆ ಬರುವವರಿಗೆ ನಿಮ್ಮಿಂದ ಉಪಕಾರವಾಗುತ್ತದೆ. ಆದರೆ ಸಹಿ ಹಾಕಿದ ಕಾಗದದ ಒಂದು ಪ್ರತಿ ನಿಮ್ಮ ಕೈಗೆ ಬರಲೇಬೇಕು, ಅದು ನಿಮ್ಮ ಹಕ್ಕು. ರೇಷನ್ ಕಾರ್ಡು, ಆಧಾರ್ ಇಟ್ಟ ಕಡೆಯೇ ಅದನ್ನೂ ಇಡಿ, ಎಲ್ಲಿದೆ ಎಂದು ಮನೆಯವರಿಗೆ ಹೇಳಿ. ಪ್ರತಿ ಕೊಡಲು ಹಿಂದೆ ಮುಂದೆ ನೋಡುವವರಿಗೆ ನಿಮ್ಮ ರಕ್ತದ ಒಂದು ಹನಿಯನ್ನೂ ಕೊಡಬೇಡಿ.